ನೆಲೆಯಿಲ್ಲದವರಿಗೆ ನೆಲೆಯಾದ ಕುದ್ಮುಲ್ ರಂಗರಾವ್

ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ಪ್ರದೇಶವೊಂದಿದೆ. 1871ರ ಬ್ರಿಟಿಷ್ ಕಾಯ್ದೆ ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಮುಂದೆ ಅವರನ್ನು ಇಂತಹ ವಸತಿಗಳಲ್ಲಿರಿಸಿ ಹಾಜರಿ ಕರೆಯಲಾಗುತ್ತಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಹೆಸರು ಮಾತ್ರ ಉಳಿಯಿತು. ದೂರದ ಅಮೆರಿಕದಲ್ಲೂ 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಲಾಯಿತು. ಅಲ್ಲಿಯವರಿಗೆ ಮನೆಸಾಲ ಸಿಗುವುದೇ ಕಷ್ಟವಾಯಿತು. ಹುಟ್ಟು ನೋಡಿ ವಾಸದ ಜಾಗ ಗೊತ್ತುಮಾಡುವ ಈ ಅನ್ಯಾಯವನ್ನು ನಮ್ಮ ಕರಾವಳಿಯಲ್ಲಿ ಎದುರಿಸಿದವರು ಕುದ್ಮುಲ್ ರಂಗರಾವ್.

1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಅವರು ಮಂಗಳೂರಿಗೆ ಬಂದು ಶಿಕ್ಷಕರಾದರು, ಅನಂತರ ವಕೀಲರಾದರು. ಆಗ ದಲಿತರು ಧಣಿಗಳ ಜಾಗದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಧಣಿ ಮುನಿದರೆ ಗುಡಿಸಲೂ ಇಲ್ಲ, ಕೂಲಿಯೂ ಇಲ್ಲ.

1892ರಲ್ಲಿ ರಂಗರಾಯರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಎಷ್ಟಿತ್ತೆಂದರೆ ಶಾಲೆಗೇ ನೆಲೆ ಇಲ್ಲದಂತಾಗಿ ಜಾಗ ಬದಲಿಸಬೇಕಾಯಿತು. ಮೇಲುಜಾತಿಯ ಶಿಕ್ಷಕರು ಪಾಠ ಹೇಳಲು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರು ಮುಂದೆ ಬಂದರು. ಸ್ವಂತ ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಅವರು ಹಿಂಜರಿಯಲಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು. ಕೂಲಿ ತಪ್ಪುತ್ತದೆಂದು ಹೆತ್ತವರು ಮಕ್ಕಳನ್ನು ಬಿಡಿಸಬಾರದೆಂದು ಅವರಿಗೂ ಸ್ವಲ್ಪ ಹಣ ಕೊಟ್ಟರು.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕೊಡಿಯಾಲ್‌ಬೈಲಿನ ಶೇಡಿಗುಡ್ಡೆ ಅದರ ಕೇಂದ್ರವಾಯಿತು. ಅಕ್ಷರದ ಜೊತೆಗೆ ನೇಯ್ಗೆಯಂತಹ ಕಸುಬನ್ನೂ ಕಲಿಸಲಾಯಿತು. ಜಾಗ ಪಡೆದು ದಲಿತ ಕುಟುಂಬಗಳಿಗೆ ಹಂಚಿದರು. ಒಕ್ಕಲೆಬ್ಬಿಸುವ ಭಯವಿಲ್ಲದೆ ಮಲಗುವ ಮನೆಯಿದ್ದರೆ ಮಾತ್ರ ಓದು ಉಳಿಯುತ್ತದೆ ಎಂಬುದನ್ನು ಅವರು ಅರಿತಿದ್ದರು.

ನುಡಿದಂತೆ ಮನೆಯಲ್ಲೂ ನಡೆದರು. ವಿಧವೆಯಾದ ಮಗಳು ರಾಧಾಬಾಯಿಗೆ ಮರುಮದುವೆ ಮಾಡಿಸಿದರು. ಮುಂದೆ ಆಕೆ ಕೇಂದ್ರ ಶಾಸನಸಭೆಯ ಸದಸ್ಯೆಯಾದರು. ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದ ರಂಗರಾಯರು 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತಿಮ ಸಂಸ್ಕಾರವನ್ನು ದಲಿತರೇ ನಡೆಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಕಲಿತು ಅಧಿಕಾರಿಯಾದ ದಲಿತ ಮಗುವಿನ ವಾಹನದ ಧೂಳು ತನ್ನ ತಲೆಗೆ ತಾಗಬೇಕೆಂಬ ಅವರ ಆಸೆಯನ್ನು ಮಂಗಳೂರಿನಲ್ಲಿ ಇಂದಿಗೂ ಜನ ನೆನೆಯುತ್ತಾರೆ.

ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲ. ನಮ್ಮ ಧರ್ಮಕೇಂದ್ರದ ಗಡಿಯೊಳಗೆ ಗುಡ್ಡದ ಅಂಚಿನಲ್ಲಿ, ರಸ್ತೆ ಬದಿಯಲ್ಲಿ ಹಕ್ಕುಪತ್ರವಿಲ್ಲದೆ ಬದುಕುವ ಕುಟುಂಬಗಳು ಎಷ್ಟಿವೆ? ವಾರ್ಡಿನ ಗುರಿಕಾರರು ಮುಂದಿನ ಸಭೆಯಲ್ಲಿ ಈ ಪಟ್ಟಿಯಿಂದಲೇ ಕೆಲಸ ಆರಂಭಿಸಬಹುದು.