ಪರ್ಯಾಯಕ್ಕೆ ಹೊಸ ರೂಪ ಕೊಟ್ಟ ವಾದಿರಾಜರು

ಉಡುಪಿಯ ರಥಬೀದಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ನಡೆಯುವ ಪರ್ಯಾಯದ ಮೆರವಣಿಗೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಎರಡು ವರ್ಷದ ಲೆಕ್ಕ ಎಲ್ಲಿಂದ ಬಂತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಅದನ್ನು ರೂಢಿಗೆ ತಂದವರು ಶ್ರೀ ವಾದಿರಾಜ ತೀರ್ಥರು.

ವಾದಿರಾಜರು 1480ರಲ್ಲಿ ಕುಂದಾಪುರ ಸಮೀಪದ ಹೂವಿನಕೆರೆಯಲ್ಲಿ ಜನಿಸಿದರೆಂದು ಮಠದ ಸಂಪ್ರದಾಯ ಹೇಳುತ್ತದೆ. ಎಳವೆಯಲ್ಲಿಯೇ ವಾಗೀಶ ತೀರ್ಥರಿಂದ ಸನ್ಯಾಸ ಪಡೆದರು.

13ನೇ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನ ಪೂಜೆಯನ್ನು ಎಂಟು ಮಂದಿ ಶಿಷ್ಯರಿಗೆ ವಹಿಸಿದ್ದರು. ಒಂದೊಂದು ಮಠಕ್ಕೆ ಎರಡು ತಿಂಗಳ ಸರದಿ. ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಮಠದ ಸರದಿ ಮತ್ತೆ ಬರುತ್ತಿತ್ತು. ಕಾಲ್ನಡಿಗೆಯ ಆ ಕಾಲದಲ್ಲಿ ದೂರದ ಊರಿಗೆ ಹೋಗಿ, ಪಾಠ ಹೇಳಿ, ಹಿಂದಿರುಗಲು ಇಷ್ಟು ಬಿಡುವು ಸಾಲದು. ವಾದಿರಾಜರು ಸರದಿಯನ್ನು ಎರಡು ವರ್ಷಕ್ಕೆ ಏರಿಸಿದರು. 1522ರಲ್ಲಿ ಪಲಿಮಾರು ಮಠದಿಂದ ಹೊಸ ಕ್ರಮ ಆರಂಭವಾಯಿತು. ಎಂಟು ಮಠಗಳ ಸಮಾನ ಹಕ್ಕು ಹಾಗೆಯೇ ಉಳಿಯಿತು. ನಡುವಿನ ಬಿಡುವು ಮಾತ್ರ 14 ವರ್ಷವಾಯಿತು. ಮೂಲ ಗುರುಗಳೇ ಹಾಕಿಕೊಟ್ಟ ಕ್ರಮವನ್ನು ತಿದ್ದುವುದು ಸಣ್ಣ ಮಾತಲ್ಲ.

ಆ ಬಿಡುವಿನ ಬೆಲೆ ಅವರಿಗೆ ಗೊತ್ತಿತ್ತು. ನಾಡಿನ ನಾಲ್ಕು ದಿಕ್ಕಿನ ಕ್ಷೇತ್ರಗಳನ್ನು ವರ್ಣಿಸುವ ತೀರ್ಥಪ್ರಬಂಧ, ತತ್ತ್ವವನ್ನು ತರ್ಕದಿಂದ ವಿವರಿಸುವ ಯುಕ್ತಿಮಲ್ಲಿಕಾ ಅವರ ಸಂಸ್ಕೃತ ಕೃತಿಗಳು. ಮಠದ ವಿದ್ಯೆ ಸಂಸ್ಕೃತದಲ್ಲಿದ್ದ ಕಾಲದಲ್ಲಿ ಅವರು ಹಯವದನ ಎಂಬ ಅಂಕಿತದಲ್ಲಿ ಕನ್ನಡ ಹಾಡುಗಳನ್ನೂ ಬರೆದರು. ತುಳುವಿನಲ್ಲಿಯೂ ಅವರ ಹೆಸರಿನ ಹಾಡಿದೆ. ಪಂಡಿತರ ಜಗಲಿಯಲ್ಲಿದ್ದ ವಿಚಾರ ಹೀಗೆ ಅಡುಗೆಮನೆಗೂ ಮದುವೆ ಚಪ್ಪರಕ್ಕೂ ಬಂತು. ಅವರ ಲಕ್ಷ್ಮೀ ಶೋಭಾನೆಯನ್ನು ಹೆಂಗಸರು ಇಂದಿಗೂ ಮದುವೆಗಳಲ್ಲಿ ಹಾಡುತ್ತಾರೆ.

ಕುರುಬ ಕುಲದ ಕನಕದಾಸರ ಭಕ್ತಿಯನ್ನು ಗುರುತಿಸಿ ಆದರಿಸಿದವರು ವಾದಿರಾಜರೇ ಎಂಬ ಪ್ರತೀತಿಯೂ ಇದೆ. ಆದರೂ ಕನಕನ ಕಿಂಡಿಯ ಮುಂದೆ ನಿಂತಾಗ, ಅವರು ಹೊರಗೆ ನಿಂತೇ ದೇವರನ್ನು ಕಂಡರೆಂಬ ಕಥೆ ನಮ್ಮನ್ನು ಕಾಡದಿರದು. ಭಾಷೆಯ ಬಾಗಿಲು ತೆರೆದಷ್ಟು ಬೇಗ ಎಲ್ಲ ಬಾಗಿಲುಗಳೂ ತೆರೆಯಲಿಲ್ಲ.

ಮುಂದೆ ಅವರು ಅರಸಪ್ಪ ನಾಯಕನ ಆಶ್ರಯದಲ್ಲಿ ಶಿರಸಿ ಬಳಿಯ ಸೋದೆಯಲ್ಲಿ ನೆಲೆಸಿದರು. ಅವರ ಮಠಕ್ಕೂ ಅದೇ ಹೆಸರು ಉಳಿಯಿತು. 1600ರಲ್ಲಿ ಅಲ್ಲಿಯೇ ವೃಂದಾವನಸ್ಥರಾದರು.

2018ರಲ್ಲಿ ಪಲಿಮಾರು ಮಠದಿಂದ ಪರ್ಯಾಯದ 32ನೇ ಸುತ್ತು ಆರಂಭವಾಯಿತು. ಹಳೆಯ ಕ್ರಮವನ್ನು ಗೌರವದಿಂದಲೇ ತಿದ್ದಿದರೆ ಅದು ಶತಮಾನಗಳ ಕಾಲ ಬಾಳುತ್ತದೆ ಎಂಬುದನ್ನು ವಾದಿರಾಜರ ಬದುಕಿನಿಂದ ನಾವು ಕಲಿಯಬಹುದು.