ಗಾಳಿಯ ದಾರಿ ಹುಡುಕಿದ ಸತೀಶ ಧವನ್



ಅಬ್ದುಲ್ ಕಲಾಂ ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ಕಲಾಂ ಅವರೇ ಗೌರವದಿಂದ ನೆನೆಯುತ್ತಿದ್ದ ಹಿರಿಯರೊಬ್ಬರು ಇದ್ದರು. ಅವರೇ ಸತೀಶ ಧವನ್.

ಇವರು 1920ನೇ ಇಸವಿ ಸಪ್ಟೆಂಬರ್ 25ರಂದು ಕಾಶ್ಮೀರದ ಶ್ರೀನಗರದಲ್ಲಿ ಹುಟ್ಟಿದರು. ಲಾಹೋರದಲ್ಲಿ ಓದಿದರು. ಮೊದಲು ಗಣಿತ ಮತ್ತು ಭೌತಶಾಸ್ತ್ರ, ಆಮೇಲೆ ಇಂಗ್ಲಿಷ್ ಸಾಹಿತ್ಯ, ಅದರ ಮೇಲೆ ಇಂಜಿನಿಯರಿಂಗ್! ನಮಗೆ ಒಂದು ಗಣಿತ ಪಾಸಾಗೋದೇ ಕಷ್ಟ. ಮುಂದೆ ಅಮೇರಿಕಾಕ್ಕೆ ಹೋಗಿ 1951ರಲ್ಲಿ ಡಾಕ್ಟರೇಟ್ ಪಡೆದರು. ವೇಗವಾಗಿ ಹೋಗುವ ಗಾಳಿ ಒಂದು ತಗಡನ್ನು ಉಜ್ಜಿಕೊಂಡು ಹೋಗುವಾಗ ಅದನ್ನು ಎಷ್ಟು ಜಗ್ಗುತ್ತದೆ ಅಂತ ನೇರವಾಗಿ ಅಳೆದು ತೋರಿಸಿದರು.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಶಬ್ದಕ್ಕಿಂತ ವೇಗವಾಗಿ ಗಾಳಿ ಬೀಸುವ ಗಾಳಿ ಸುರಂಗ ಕಟ್ಟಿಸಿದರು. ನಮ್ಮ ದೇಶಕ್ಕೆ ಅದೇ ಮೊದಲನೇದು. ಗಾಳಿ ಸುರಂಗದಲ್ಲಿ ವಿಮಾನ ಹಾರೋದಿಲ್ಲ. ಚಿಕ್ಕ ಮಾದರಿಯನ್ನು ಗಟ್ಟಿ ನಿಲ್ಲಿಸಿ ಅದರ ಮೇಲೆ ಗಾಳಿ ಬಿಡುತ್ತಾರೆ.

ಇಂಥ ಸುರಂಗದಲ್ಲಿ ಏನು ನೋಡುತ್ತಾರೆ? ಒಂದು ಉದಾಹರಣೆ ಹೇಳುತ್ತೇನೆ. ನಾವು ಕಾಗದ ಮಡಚಿ ಬಾಣದಂಥ ವಿಮಾನ ಮಾಡುತ್ತೇವಲ್ಲ, ಅದರ ರೆಕ್ಕೆ ಮೂರು ಮೂಲೆಯದು. ಇದಕ್ಕೆ ಡೆಲ್ಟಾ ರೆಕ್ಕೆ ಅಂತಾರೆ. ಬೆಂಗಳೂರಿನಲ್ಲಿ ತಯಾರಾದ ತೇಜಸ್ ವಿಮಾನದ ರೆಕ್ಕೆಯೂ ಡೆಲ್ಟಾ ಜಾತಿಯದೇ. ಇದರ ಮುಂದಿನ ಅಂಚು ದುಂಡಗಿದ್ದರೆ ಗಾಳಿ ಅಂಚನ್ನು ಬಳಸಿ ರೆಕ್ಕೆಗೆ ಅಂಟಿಕೊಂಡು ಸುಮ್ಮನೆ ಹರಿಯುತ್ತದೆ. ಅಂಚು ಕುಡಗೋಲಿನಂತೆ ಚೂಪಾಗಿದ್ದು ವಿಮಾನ ಮೂತಿ ಎತ್ತಿದರೆ, ಕೆಳಗಿನ ಗಾಳಿ ಅಂಚಿನಲ್ಲಿ ತಿರುಗಲಾರದೆ ಬಿಟ್ಟುಹೋಗಿ ಮೇಲೆ ಸುಳಿಯಾಗಿ ಸುತ್ತುತ್ತದೆ. ತುಂಗಭದ್ರಾ ಹೊಳೆಯ ಸುಳಿ ನೋಡಿದವರಿಗೆ ಗೊತ್ತು, ಅದು ನಡುವಿಗೆ ಎಳೆಯುತ್ತದೆ. ಬೇಸಿಗೆಯಲ್ಲಿ ಬ್ಯಾಡಗಿ ಕಡೆ ಸುಂಟರಗಾಳಿ ಒಣ ಎಲೆಗಳನ್ನು ಮೇಲಕ್ಕೆ ಒಯ್ಯುತ್ತದೆ. ಹಾಗೇ ರೆಕ್ಕೆಯ ಮೇಲಿನ ಸುಳಿಯಲ್ಲೂ ಒತ್ತಡ ಕಡಿಮೆ ಇರುತ್ತದೆ, ಅದು ರೆಕ್ಕೆಯನ್ನು ಮೇಲಕ್ಕೆ ಎಳೆಯುತ್ತದೆ. ಆದರೆ ಮೂತಿ ಬಾಳ ಎತ್ತಿದರೆ ಸುಳಿ ಒಡೆದು ಎತ್ತುವ ಬಲ ಕಡಿಮೆಯಾಗುತ್ತದೆ. ಅಂಚು ಸ್ವಲ್ಪ ಬದಲಾದರೂ ಗಾಳಿಯ ದಾರಿ ಬದಲಾಗುತ್ತದೆ. ಅದಕ್ಕೇ ಮೊದಲು ಸುರಂಗದಲ್ಲಿ ಪರೀಕ್ಷೆ, ಆಮೇಲೆ ಆಕಾಶ.

ಧವನ್ ಅವರು 1962ರಲ್ಲಿ ಆ ಸಂಸ್ಥೆಯ ನಿರ್ದೇಶಕರಾದರು. 1972ರಲ್ಲಿ ಇಸ್ರೋ ಅಧ್ಯಕ್ಷರೂ ಆದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಎಷ್ಟೋ ವರ್ಷದ ದುಡಿಮೆ ನೀರಾಯಿತು. ಆ ಯೋಜನೆಯ ಮುಖ್ಯಸ್ಥರು ಕಲಾಂ. ಆದರೂ ಪತ್ರಕರ್ತರ ಮುಂದೆ ಧವನ್ ಅವರೇ ಕುಳಿತು ಸೋಲಿನ ಹೊಣೆ ಹೊತ್ತುಕೊಂಡರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಮೇಲೆ ಮುಟ್ಟಿಸಿತು. ಆಗ ಧವನ್ ಅವರು ಹಿಂದೆ ಸರಿದು ಕಲಾಂ ಅವರನ್ನೇ ಮಾತಾಡಲು ಮುಂದೆ ಕಳಿಸಿದರು.

ಅವರಿಗೆ ಹಕ್ಕಿ ಅಂದರೆ ಬಾಳ ಪ್ರೀತಿ. ಹಕ್ಕಿ ಹೇಗೆ ಹಾರುತ್ತದೆ ಅಂತ 1991ರಲ್ಲಿ ಇಂಗ್ಲಿಷಿನಲ್ಲಿ ಬರೆದರು. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿತು. ಮರುವರ್ಷ, 2002ರ ಜನವರಿ 3ರಂದು, ಧವನ್ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಶ್ರೀಹರಿಕೋಟಾ ಕೇಂದ್ರಕ್ಕೆ ಈಗ ಅವರದೇ ಹೆಸರು ಇದೆ.

ಗೆಳೆಯರೇ, ನಮ್ಮ ಗುಂಪು ಮಾಡಿದ ವಿಜ್ಞಾನ ಮಾದರಿ ಕೆಟ್ಟಾಗ ನೀನೇ ಕೆಡಿಸಿದಿ, ನೀನೇ ಕೆಡಿಸಿದಿ ಅಂತ ಜಗಳಾಡಿದ್ದೆವು. ತಂತಿ ಸರಿಯಾಗಿ ಕಟ್ಟದವನು ನಾನೇ. ಅವತ್ತು ಹೇಳಲಿಲ್ಲ, ಇವತ್ತು ಇಲ್ಲಿ ಬರೆದಿದ್ದೇನೆ. ಮುಂದಿನ ಸಲ ಸೇರಿ ಮಾಡೋಣ ಬರ್ರಿ.

— 7ನೇ ತರಗತಿ ವಿದ್ಯಾರ್ಥಿ