ಫ್ರಿಜ್ ಗ್ಯಾಸ್ ಕಂಡುಹಿಡಿದವರು ಗೊತ್ತಿದ್ದೇ ಭೂಮಿ ಹಾಳು ಮಾಡಿದರೇ?

ಥಾಮಸ್ ಮಿಡ್ಗ್ಲಿ ಎಂಬ ಒಬ್ಬನೇ ಮನುಷ್ಯ ಬೇಕಂತಲೇ ಭೂಮಿಯ ಗಾಳಿ ಕೆಡಿಸಿದ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ನಾವು ಪರಿಶೀಲಿಸಿದಾಗ ಸಿಕ್ಕಿದ್ದು ಅರ್ಧ ನಿಜ.

1889ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಮಿಡ್ಗ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೆಸರು ಮಾಡಿದ್ದು ರಸಾಯನಶಾಸ್ತ್ರದಲ್ಲಿ. 1921ರಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದಾಗ, ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಎಂದು ಕಂಡುಕೊಂಡರು. ಸೀಸ ವಿಷವೆಂದು ಆಗಲೇ ಗೊತ್ತಿತ್ತು. ಸ್ವತಃ ಅವರಿಗೇ ಅದು ತಗುಲಿ ರಜೆ ಹಾಕಬೇಕಾಯಿತು. ಆದರೂ 1924ರಲ್ಲಿ ಕಾರ್ಮಿಕರು ಸತ್ತಾಗ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು ತೋರಿಸಿದರು. ಇಲ್ಲಿ ಅವರ ಪರ ವಹಿಸಲು ನಮಗೇನೂ ಸಿಗಲಿಲ್ಲ.

ಫ್ರಿಜ್ ಗ್ಯಾಸಿನ ಕಥೆ ಬೇರೆ. ಆಗಿನ ಫ್ರಿಜ್‌ಗಳಲ್ಲಿ ಇರುತ್ತಿದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಪೈಪ್ ಸೋರಿದರೆ ಮನೆಯವರ ಜೀವಕ್ಕೇ ಕುತ್ತು, ಜನ ಸತ್ತದ್ದೂ ಉಂಟು. 1928ರ ಸುಮಾರಿಗೆ ಮಿಡ್ಗ್ಲಿ ಮತ್ತು ಸಹೋದ್ಯೋಗಿಗಳು ಬೆಂಕಿ ಹತ್ತದ, ವಿಷವಲ್ಲದ ಗ್ಯಾಸ್ ತಯಾರಿಸಿದರು. ಅದೇ ಫ್ರಿಯಾನ್, ಮೆಕ್ಯಾನಿಕ್‌ಗಳ ಬಾಯಲ್ಲಿ ಆರ್-12. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅದನ್ನು ಉಸಿರೆಳೆದುಕೊಂಡು, ಊದಿ ಮೇಣದಬತ್ತಿ ಆರಿಸಿದರು. (ದಯವಿಟ್ಟು ಯಾರೂ ಪ್ರಯತ್ನಿಸಬೇಡಿ!)

ತೊಂದರೆ ಶುರುವಾದದ್ದು ಇದೇ ಒಳ್ಳೆಯ ಗುಣದಿಂದ. ಹೆಚ್ಚುಕಡಿಮೆ ವಾಸನೆಯೇ ಇಲ್ಲದ, ಯಾರನ್ನೂ ಸಾಯಿಸದ ಗ್ಯಾಸ್ ಸೋರಿದರೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಖಾಲಿಯಾದರೆ ಮತ್ತೆ ತುಂಬಿಸಿದರಾಯಿತು. ಹೀಗೆ ಸೋರಿದ್ದು ಮೇಲೇರಿ ಓಝೋನ್ ಪದರವನ್ನು ಹಾಳು ಮಾಡುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದ್ದು 1974ರಲ್ಲಿ. 100 ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 10,000 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಮಿಡ್ಗ್ಲಿ ತೀರಿಕೊಂಡು ಆಗಲೇ 30 ವರ್ಷವಾಗಿತ್ತು. ಪೋಲಿಯೊದಿಂದ ಕಾಲು ಕಳೆದುಕೊಂಡಿದ್ದ ಅವರು 1944ರಲ್ಲಿ, ಹಾಸಿಗೆಯಿಂದ ಏಳಲು ತಾವೇ ಮಾಡಿಕೊಂಡಿದ್ದ ಹಗ್ಗ-ರಾಟೆಯಲ್ಲಿ ಸಿಲುಕಿ ಸತ್ತರು ಎಂದೇ ಫಾರ್ವರ್ಡ್‌ಗಳು ಹೇಳುತ್ತವೆ. ಅಧಿಕೃತ ತನಿಖೆ ಮಾತ್ರ ಅದನ್ನು ಆತ್ಮಹತ್ಯೆ ಎಂದು ದಾಖಲಿಸಿತು.

1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆರ್-12 ಹೋಯಿತು. ಬದಲಿಗೆ ಬಂದ ಎಚ್‌ಎಫ್‌ಸಿ ಗ್ಯಾಸ್‌ಗಳು ಓಝೋನನ್ನು ಮುಟ್ಟುವುದಿಲ್ಲ, ಆದರೆ ಸೋರಿದರೆ ಭೂಮಿಯನ್ನು ಬಿಸಿಮಾಡುತ್ತವೆ. ಹಾಗಾಗಿ ಯುರೋಪಿನಲ್ಲಿ ಸೂಪರ್‌ಮಾರ್ಕೆಟ್, ಕೋಲ್ಡ್ ಸ್ಟೋರೇಜ್‌ಗಳ ದೊಡ್ಡ ಯಂತ್ರಗಳಿಗೆ ಸೋರಿಕೆ ತಪಾಸಣೆ ಕಡ್ಡಾಯ. ಎಚ್‌ಎಫ್‌ಸಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿತು. ನಮ್ಮಲ್ಲಿ ಕಡಿತ ಶುರುವಾಗುವುದು 2032ರಿಂದ. ಅಲ್ಲಿಯವರೆಗೆ, ಎಸಿಗೆ ಗ್ಯಾಸ್ ತುಂಬಿಸಬೇಕು ಎಂದು ಮೆಕ್ಯಾನಿಕ್ ಹೇಳಿದರೆ, ಮೊದಲು ಎಲ್ಲಿ ಸೋರುತ್ತಿದೆ ಎಂದು ಕೇಳಿ.